ಗೆದ್ದ ಮೇಲೆ ಕೇಳಿದ ವಯಸ್ಸು

ನಮ್ಮ ಶಾಲೆಯ ಹುಡುಗಿಯರ ಖೋ-ಖೋ ತಂಡ ನಾಲ್ಕು ವರ್ಷ ಒಂದೇ ಸಮನೆ ತಾಲ್ಲೂಕು ಕ್ರೀಡಾಕೂಟದ ಮೊದಲ ಆಟದಲ್ಲೇ ಸೋತಿತ್ತು. ಬೆಳಿಗ್ಗೆ ಸುರಪುರಕ್ಕೆ ಹೋಗುವುದು, ಹತ್ತೂವರೆಗೆಲ್ಲ ಸೋಲುವುದು, ಮಧ್ಯಾಹ್ನದ ಬಸ್ಸಿಗೆ ಊರು ಸೇರುವುದು. ಅಲ್ಲಿ ಆಟಗಾರರಿಗೆ ಊಟದ ಚೀಟಿ ಕೊಡುತ್ತಿದ್ದರು. ಅದನ್ನು ಬಳಸುವಷ್ಟು ಹೊತ್ತೂ ನಾವು ಉಳಿದವರಲ್ಲ. ಈ ತಂಡದ ತರಬೇತುದಾರ ನಾನು. ದೈಹಿಕ ಶಿಕ್ಷಕರ ಹುದ್ದೆ ಖಾಲಿ ಇದ್ದದ್ದರಿಂದ ಗಣಿತದ ಮಾಸ್ತರನಾದ ನನ್ನ ಕೈಗೆ ಹೆಡ್‌ಮಾಸ್ತರು ಒಂದು ಸೀಟಿ ಕೊಟ್ಟು, "ಸುಮ್ನ ಊದ್ರಿ ಸಾಕು, ಉಳಿದದ್ದು ಹುಡುಗ್ಯಾರು ನೋಡ್ಕೋತಾರ" ಎಂದಿದ್ದರು. ಓಡುವುದೆಂದರೆ ನನಗೆ ಕಕ್ಕೇರಾ ಬಸ್ಸಿನ ಹಿಂದೆ ಓಡಿ ಗೊತ್ತೇ ಹೊರತು ಬೇರೆ ಅಭ್ಯಾಸವಿರಲಿಲ್ಲ.

ನನಗೆ ಬರುತ್ತಿದ್ದ ತರಬೇತಿ ಒಂದೇ, ಬೈಯುವುದು. ಎರಡು ಕಂಬಗಳ ನಡುವೆ ಎಂಟು ಜನ ಸಾಲಾಗಿ ಕೂತಿರುತ್ತಾರೆ, ಒಂಬತ್ತನೆಯವಳು ಎದುರಾಳಿಗಳನ್ನು ಅಟ್ಟುತ್ತಾಳೆ, ಕೂತವಳ ಬೆನ್ನು ಮುಟ್ಟಿ ಖೋ ಎಂದರೆ ಅವಳು ಎದ್ದು ಓಡಬೇಕು. ಇಷ್ಟೇ ಆಟ. ನಮ್ಮಲ್ಲಿ ಒಬ್ಬ ಕನ್ನಡಕದ ಹುಡುಗಿ ಇದ್ದಳು, ಏಳಲು ಅರೆಕ್ಷಣ ತಡ ಮಾಡುತ್ತಿದ್ದಳು. ಆ ಅರೆಕ್ಷಣದಲ್ಲಿ ನಾನು ಈ ಕಡೆಯಿಂದ, ತಂಡದವರು ಆ ಕಡೆಯಿಂದ ಅವಳ ಮೇಲೆ ಮುಗಿಬೀಳುತ್ತಿದ್ದೆವು. ಕೊನೆಕೊನೆಗೆ ಖೋ ಕೇಳುವ ಮೊದಲೇ ಅವಳ ಕಣ್ಣಲ್ಲಿ ನೀರು ಬಂದಿರುತ್ತಿತ್ತು. ಅದನ್ನು ಕಂಡು ನನಗೆ ಇನ್ನೂ ಸಿಟ್ಟು ಏರುತ್ತಿತ್ತು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಐದನೆಯ ವರ್ಷದ ಜೂನಿನಲ್ಲಿ ಹೊಸ ನಾಯಕಿ ಬೇಕಾದಳು. ಸೋಲುವ ತಂಡದ ನಾಯಕಿಯಾಗಲು ಯಾರು ಮುಂದೆ ಬರುತ್ತಾರೆ? ಎಲ್ಲರೂ ನೆಲ ನೋಡುತ್ತ ನಿಂತಿದ್ದಾಗ ಹತ್ತನೆಯ ತರಗತಿಯ ಒಬ್ಬ ಸಣಕಲು ಹುಡುಗಿ, "ನಾ ಆಗತೀನ್ರಿ ಸರ. ಆದ್ರ ಒಂದು ಮಾತು. ಆಟ ನಡದಾಗ ಯಾರೂ ಯಾರನ್ನೂ ಬೈಬಾರದು" ಎಂದಳು.

"ನನ್ನೂ ಹಿಡದು ಹೇಳಾಕತ್ತೀಯೇನವಾ?" ಎಂದೆ.

"ಹೌದ್ರಿ" ಎಂದಳು. ನಗಲೂ ಇಲ್ಲ. ನಮ್ಮ ಕಡೆಯವರ ಮಾತೇ ಹೀಗೆ ನೇರ, ನನಗದು ಅಭ್ಯಾಸ. ಆದರೂ ಶಾಲೆಯ ಹುಡುಗಿಯೊಬ್ಬಳಿಂದ ಕೇಳಿದ್ದು ಅದೇ ಮೊದಲು. ಹೂಂ ಎಂದೆ.

ಅವಳ ತಾಯಿ ಊರಿನ ಹೆಣ್ಣಾಳುಗಳ ಒಂದು ಗುಂಪಿಗೆ ಮುಂದಾಳು. ಹತ್ತಿ, ತೊಗರಿಯ ಹೊಲಗಳಲ್ಲಿ ಕಳೆ ತೆಗೆಯುವುದಿರಲಿ, ಹತ್ತಿ ಬಿಡಿಸುವುದಿರಲಿ, ಹೊಲದವರು ಬಂದು ಕೇಳುವುದು ಆ ತಾಯಿಯನ್ನೇ. ಭಾನುವಾರ ಮಗಳೂ ಹೋಗುತ್ತಿದ್ದಳು. ತಂಡವನ್ನು ಹೇಗೆ ನಡೆಸಬೇಕೆಂದು ಅವಳಿಗೆ ನಾನು ಹೇಳಿಕೊಡಲಿಲ್ಲ, ನನಗೇ ಗೊತ್ತಿರಲಿಲ್ಲ. ಅವಳು ಹೊಲದಲ್ಲಿ ಕಂಡದ್ದನ್ನು ಹಾಗೆಯೇ ಮೈದಾನಕ್ಕೆ ತಂದಳು.

ಮೊದಲ ದಿನವೇ ಕನ್ನಡಕದ ಹುಡುಗಿಯನ್ನು ಸಾಲಿನ ನಟ್ಟನಡುವೆ ಕೂರಿಸಿ, ಅವಳ ಎರಡೂ ಮಗ್ಗುಲಿಗೆ ಚುರುಕಿನ ಇಬ್ಬರನ್ನು ಕೂರಿಸಿದಳು. ನಾನು ಯಾಕೆಂದು ಕೇಳಿದೆ.

"ಹೊಲದಾಗ ಹಿಂಗಽ ಮಾಡತಾರ್ರಿ. ಕೈ ನಿಧಾನ ಇದ್ದಾಕಿನ ನಡಕ ಬಿಡತಾರ. ಆಜೂಬಾಜೂ ಇದ್ದಾರು ತಮ್ಮ ಸಾಲಿನ ಜೋಡಿ ಆಕಿ ಸಾಲಿಂದೂ ಒಂದೀಟು ಸದಿ ತಗೀತಾರ. ಎಲ್ಲಾರೂ ಒಂದಽ ಸಲ ಬದುವಿಗೆ ಮುಟ್ಟಬೇಕ್ರಿ. ಒಬ್ಬಾಕಿ ಮುಂದ ಹೋಗಿ ನಿಂತ್ರ ಏನ್ ಬಂತು?"

ಕಳೆಗೆ ನಮ್ಮಲ್ಲಿ ಸದಿ ಎನ್ನುತ್ತಾರೆ. ಇಪ್ಪತ್ತು ವರ್ಷ ಅದೇ ಹೊಲಗಳ ಪಕ್ಕದ ರಸ್ತೆಯಲ್ಲಿ ಓಡಾಡಿದ್ದೇನೆ, ಹೆಂಗಸರು ಸಾಲು ಹಿಡಿದು ಬಗ್ಗಿದ್ದನ್ನು ನೋಡಿದ್ದೇನೆ. ಆ ಸಾಲಿನೊಳಗೆ ಇಷ್ಟು ಲೆಕ್ಕವಿದೆ ಎಂದು ಗಣಿತದ ಮಾಸ್ತರನಿಗೆ ತಿಳಿದಿರಲಿಲ್ಲ.

ಹೊಲದಲ್ಲಿ ಇನ್ನೊಂದು ಪದ್ಧತಿ ಇತ್ತು. ಕೆಲಸ ನಡೆಯುವಾಗ ಯಾರ ತಪ್ಪನ್ನೂ ಯಾರೂ ಎತ್ತುವಂತಿಲ್ಲ. ಹೇಳುವುದಿದ್ದರೆ ಬುತ್ತಿ ಬಿಚ್ಚಿದಾಗ ಹೇಳಬೇಕು. ಇದನ್ನೂ ತಂದಳು. ಬೆಳಗಿನ ಅಭ್ಯಾಸ ಮುಗಿದ ಮೇಲೆ ಹನ್ನೆರಡು ಹುಡುಗಿಯರೂ ಬೇವಿನ ಮರದ ಕೆಳಗೆ ಕೂತು ರೊಟ್ಟಿ ಬಿಚ್ಚುವರು. ಇವಳು ಮೊದಲು ತನ್ನ ತಪ್ಪು ಹೇಳುವಳು: ಇಂಥ ಕಡೆ ತಿರುಗಿದ್ದು ತಪ್ಪು, ಇಂಥವಳಿಗೆ ಖೋ ಕೊಟ್ಟದ್ದು ತಡ. ಆಮೇಲೆ ಉಳಿದವರು ತಮ್ಮ ತಮ್ಮದನ್ನು ಹೇಳುವರು. ಬಾಯಿಯಲ್ಲಿ ರೊಟ್ಟಿ ಇದ್ದಾಗ ಯಾರಿಗೂ ಜೋರಾಗಿ ಕೂಗಲು ಆಗುವುದಿಲ್ಲವಲ್ಲ. ನಾನೂ ಒಂದು ತುಂಡು ಶೇಂಗಾಚಟ್ನಿ ರೊಟ್ಟಿ ಹಿಡಿದು ದೂರ ಕೂತು ಕೇಳುತ್ತಿದ್ದೆ. ಒಂದು ತಿಂಗಳಲ್ಲಿ ಕನ್ನಡಕದ ಹುಡುಗಿ ಅಳುವುದನ್ನು ನಿಲ್ಲಿಸಿದಳು. ಎರಡನೆಯ ತಿಂಗಳಲ್ಲಿ ಅವಳ ಆ ಅರೆಕ್ಷಣವೂ ಹೋಯಿತು. ಹೆದರಿಕೆಯಿಂದ ತಡವಾಗುತ್ತಿತ್ತು, ಅಷ್ಟೇ. ಎರಡು ವರ್ಷ ಆ ಹೆದರಿಕೆಯನ್ನು ನಾನೇ ಊದಿ ಊದಿ ಬೆಳೆಸಿದ್ದೆ.

ನಾಯಕಿಗೆ ಈ ಆಟದಿಂದ ಒಂದು ಬೇಕಾದದ್ದಿತ್ತು. ಜಿಲ್ಲಾ ಮಟ್ಟದ ಪಂದ್ಯಕ್ಕೆ ಕ್ರೀಡಾ ಹಾಸ್ಟೆಲಿನಿಂದ ಒಬ್ಬರು ಬಂದು ಕೂತು, ಚೆನ್ನಾಗಿ ಆಡಿದವರ ಹೆಸರು ಬರೆದುಕೊಳ್ಳುತ್ತಾರೆ. ಆಯ್ಕೆಯಾದರೆ ಊಟ, ವಸತಿ, ಕಾಲೇಜು ಓದು ಎಲ್ಲ ಅವರದೇ. ಇದನ್ನು ಎಲ್ಲಿಂದಲೋ ತಿಳಿದುಕೊಂಡಿದ್ದಳು. ತಾಯಿಯೊಂದಿಗೆ ಮಾತೂ ಆಗಿತ್ತು. ಆ ತಾಯಿ ಒಂದು ದಿನ ಶಾಲೆಯ ಗೇಟಿನ ಹತ್ತಿರ ನನ್ನನ್ನು ನಿಲ್ಲಿಸಿ, "ಹಾಸ್ಟೆಲ್ ಸಿಕ್ರ ಓದಲಿ, ನಾ ಬ್ಯಾಡನ್ನಂಗಿಲ್ಲ. ಸಿಗಲಿಲ್ಲಂದ್ರ ಹತ್ತನೇತ್ತಾ ಮುಗಿಸಿ ನನ್ನ ಸಂಗಾಟ ಬರತಾಳ. ಅಲ್ಲೀತನಕ ನಿಮ್ಮ ಕೈಯಾಗ ಬಿಟ್ಟೀನ್ರಿ ಸರ" ಎಂದಿದ್ದಳು. ನಾನು ದೊಡ್ಡ ಮನುಷ್ಯನಂತೆ, "ಫಿಕರ್ ಮಾಡಬ್ಯಾಡವಾ, ನಾ ಅದೇನಿ" ಎಂದು ಹೇಳಿ ಕಳಿಸಿದ್ದೆ.

ಆ ವರ್ಷ ಸುರಪುರದಲ್ಲಿ ನಾವು ಊಟದ ಚೀಟಿ ಬಳಸಿದೆವು. ಸಂಜೆ ಐದಕ್ಕೆ ಫೈನಲ್ ಗೆದ್ದೆವು. ಹುಡುಗಿಯರು ಕುಣಿದರು, ಹೆಡ್‌ಮಾಸ್ತರು ಫೋನಿನಲ್ಲಿ ಅರ್ಧ ತಾಲ್ಲೂಕಿಗೆ ಸುದ್ದಿ ಮುಟ್ಟಿಸಿದರು. ನನಗೂ ಎದೆಯುಬ್ಬಿತ್ತು, ಸುಳ್ಳೇಕೆ ಹೇಳಲಿ.

ಮರುದಿನ ಜಿಲ್ಲಾ ಮಟ್ಟದ ಅರ್ಜಿ ತುಂಬಲು ಕೂತೆ. ತಾಲ್ಲೂಕಿನ ಅರ್ಜಿಯನ್ನು ಯಾವಾಗಲೂ ಗುಮಾಸ್ತರೇ ಬರೆದು ಕಳಿಸುತ್ತಿದ್ದರು. ಅದರಲ್ಲಿನ ಹುಟ್ಟಿದ ದಿನವನ್ನು ನಾನೂ ನೋಡಿರಲಿಲ್ಲ, ಅಲ್ಲಿನವರೂ ನೋಡಿರಲಿಲ್ಲ. ಸೋಲುವವರ ವಯಸ್ಸನ್ನು ಯಾರೂ ಕೇಳುವುದಿಲ್ಲ. ಈ ಸಲದ ಅರ್ಜಿಯಲ್ಲಿ ವಯಸ್ಸಿಗೆಂದೇ ಬೇರೆ ಮನೆ ಇತ್ತು: ವರ್ಷ, ತಿಂಗಳು, ದಿನ. ಹದಿನೇಳು ದಾಟಿರಬಾರದು. ದಾಖಲೆ ಪುಸ್ತಕ ತೆಗೆದು ಒಬ್ಬೊಬ್ಬರದನ್ನೇ ಕಳೆದು ಬರೆಯುತ್ತ ಬಂದೆ. ನಾಯಕಿಯ ಹೆಸರಿಗೆ ಬಂದಾಗ ಹದಿನೆಂಟು ವರ್ಷ, ಮೂರು ತಿಂಗಳು ಎಂದು ಬಂತು. ಲೆಕ್ಕ ತಪ್ಪಿರಬೇಕೆಂದು ಮತ್ತೊಮ್ಮೆ ಕಳೆದೆ. ಮೂರನೆಯ ಸಲ ಕಳೆಯುವಾಗ ನೆನಪಾಯಿತು.

ಹೈಸ್ಕೂಲಿಗೆ ಬರುವ ಮೊದಲು ನಾನು ಅದೇ ಊರಿನ ಪ್ರಾಥಮಿಕ ಶಾಲೆಯಲ್ಲಿದ್ದೆ. ಜೂನ್ ತಿಂಗಳಲ್ಲಿ ಮನೆಮನೆಗೆ ಹೋಗಿ ಮಕ್ಕಳ ಹೆಸರು ಬರೆದುಕೊಳ್ಳುವ ಕೆಲಸ ನಮ್ಮದು. ಹುಟ್ಟಿದ ದಿನ ಯಾರಿಗೂ ನೆನಪಿರುತ್ತಿರಲಿಲ್ಲ. ಎಲ್ಲರಿಗೂ ಜೂನ್ ಒಂದು ಎಂದು ಬರೆಯುತ್ತಿದ್ದೆವು. ನಮ್ಮ ಸೀಮೆಯ ಅರ್ಧ ಜನ ಜೂನ್ ಒಂದಕ್ಕೇ ಹುಟ್ಟಿದವರು, ನಾನೂ ಅವರಲ್ಲೊಬ್ಬ. ಆ ತಾಯಿಯ ಮನೆಗೆ ಹೋದಾಗ ಅವಳು ಹಿರಿಮಗಳನ್ನು ಸೇರಿಸಿದಳು. ಆ ಹುಡುಗಿ ಮನೆಯಲ್ಲಿ ಕೂಸು ಹಿಡಿಯಬೇಕಾದ್ದರಿಂದ ಶಾಲೆಗೆ ಬರಲಿಲ್ಲ. ಮೂರು ವರ್ಷ ಹಾಗೆಯೇ ಹೆಸರು ಪುಸ್ತಕದಲ್ಲಿ ಉಳಿಯಿತು, ಮಕ್ಕಳ ಸಂಖ್ಯೆ ಕಡಿಮೆಯಾದರೆ ಒಂದು ಹುದ್ದೆ ಹೋಗುತ್ತದೆಂದು ನಾವು ತೆಗೆಯಲಿಲ್ಲ. ಆಮೇಲೆ ಒಂದು ದಿನ ಎರಡನೆಯ ಮಗಳನ್ನು ಕೈ ಹಿಡಿದು ಕರೆತಂದು ತಾಯಿ ಹೇಳಿದಳು, "ಇಕಿ ಅಕ್ಕಗಿಂತ ಮೂರು ವರ್ಷ ಸಣ್ಣಾಕಿ ಅದಾಳ್ರಿ, ಬರೋಬ್ಬರಿ ಬರಕೋರಿ." ನಾನು ಬರೋಬ್ಬರಿ ಬರೆದುಕೊಳ್ಳಲಿಲ್ಲ. ಹೊಸ ಸಾಲು ಬರೆದರೆ ಹಳೆಯ ಸಾಲಿಗೆ ಉತ್ತರ ಹೇಳಬೇಕಾಗುತ್ತಿತ್ತು. ಅಕ್ಕನ ಹೆಸರು ಹೊಡೆದು ಅದೇ ಸಾಲಿನಲ್ಲಿ ತಂಗಿಯ ಹೆಸರು ಬರೆದೆ. ಹುಟ್ಟಿದ ದಿನ ಅಕ್ಕನದೇ ಉಳಿಯಿತು. ಐದು ನಿಮಿಷದ ಕೆಲಸ. ಆ ಮಧ್ಯಾಹ್ನ ನನಗೆ ಸುರಪುರಕ್ಕೆ ಹೋಗುವ ಅವಸರವಿತ್ತು.

ಹದಿನೈದು ವರ್ಷದ ಹುಡುಗಿ ಹತ್ತು ವರ್ಷದಿಂದ ಅಕ್ಕನ ವಯಸ್ಸನ್ನು ಹೊತ್ತು ತಿರುಗಿದ್ದಳು. ಆಧಾರ್ ಕಾರ್ಡೂ ಶಾಲೆಯ ದಾಖಲೆ ನೋಡಿಯೇ ಮಾಡಿದ್ದು. ಹೆರಿಗೆ ಮನೆಯಲ್ಲೇ ಆಗಿದ್ದರಿಂದ ಬೇರೆ ಕಾಗದ ಇರಲಿಲ್ಲ. ನಾನು ಸುರಪುರದ ಕಚೇರಿಗೆ ಎರಡು ಸಲ ಹೋದೆ. ಶಹಾಪುರದಲ್ಲಿ ನನ್ನ ಜೊತೆ ಓದಿದ ವಕೀಲನೊಬ್ಬನಿದ್ದ, ಅವನ ಮನೆಗೆ ಭಾನುವಾರ ಹೋದೆ. ಅವನು ಚಹಾ ಕೊಟ್ಟು ಎಲ್ಲ ಕೇಳಿ, "ಅವರವ್ವ ಹೇಳಿದ್ರೂ ನಡ್ಯಾಂಗಿಲ್ಲ, ನೀ ತಪ್ಪು ಒಪ್ಪಿಕೊಂಡ್ರೂ ನಡ್ಯಾಂಗಿಲ್ಲ. ಕೋರ್ಟ್ ಹೇಳಬೇಕು. ಈಗ ಹಾಕಿದ್ರ ಆಕಿ ಕಾಲೇಜ್ ಮುಗಿಯೋದ್ರಾಗ ಆದೀತು" ಎಂದ. ಪಂದ್ಯಕ್ಕೆ ಇನ್ನು ಆರು ದಿನ. ಅವನ ಮನೆಯ ಕಟ್ಟೆಯ ಮೇಲೆ ಕೂತು ಚಹಾದ ಕಪ್ಪು ಹಿಡಿದುಕೊಂಡೇ ಇದ್ದೆ, ಕುಡಿಯಲಾಗಲಿಲ್ಲ. ಇಷ್ಟು ವರ್ಷದಲ್ಲಿ ಅಷ್ಟು ಅಸಹಾಯಕನಾಗಿ ನಾನು ಎಲ್ಲೂ ಕೂತವನಲ್ಲ.

ಹೆಡ್‌ಮಾಸ್ತರಿಗೆ ಹೇಳಿದೆ. ಅವರು ಬಾಗಿಲು ಹಾಕಿ, "ಕಳಿಸಿಬಿಡ್ರಿ. ಯಾರು ಎಣಿಸ್ಕೋತ ಕುಂದರತಾರ? ಹುಡುಗಿ ನೋಡಿದ್ರ ಹನ್ನೆರಡು ವರ್ಷದಾಕಿ ಕಂಡಂಗ ಕಾಣತಾಳ" ಎಂದರು. ನನಗೂ ಬೇಕಾಗಿದ್ದದ್ದು ಅದೇ ಮಾತು. ವಯಸ್ಸಿನ ಮನೆಯನ್ನು ಖಾಲಿ ಬಿಟ್ಟು ಹುಟ್ಟಿದ ದಿನ ಮಾತ್ರ ಬರೆದು ಕಳಿಸಿದೆ. ಹುಡುಗಿಗೆ ಹೇಳಲಿಲ್ಲ. ಪ್ರತಿದಿನ ಬೆಳಿಗ್ಗೆ ಇವತ್ತು ಹೇಳಬೇಕು ಎಂದುಕೊಂಡು ಹೋಗುವುದು, ಅವಳು ಸಾಲು ಕೂರಿಸುತ್ತ ಓಡಾಡುವುದನ್ನು ನೋಡಿ ನಾಳೆ ಹೇಳಿದರಾಯಿತು ಎಂದು ಬರುವುದು. ಹೀಗೆ ಆರೂ ದಿನ ಮುಗಿದವು.

ಯಾದಗಿರಿಯಲ್ಲಿ ಮೈದಾನಕ್ಕೆ ಇಳಿಯುವ ಮೊದಲು ಮೇಜಿನ ಮುಂದೆ ಸಾಲು ನಿಲ್ಲಿಸಿ ಕಾಗದ ನೋಡಿದರು. ನಮ್ಮ ಹಿಂದಿನ ತಂಡದ ಮಾಸ್ತರು ಬಗ್ಗಿ ನಮ್ಮ ಅರ್ಜಿಯನ್ನು ಓದಿ, ಬೆರಳು ಮಡಚಿ ಎಣಿಸಿ, "ಈ ಹುಡುಗಿಗೆ ಹದಿನೆಂಟಾಗೈತಲ್ರಿ?" ಎಂದರು. ಅವರ ಮೇಲೆ ನನಗೆ ಸಿಟ್ಟಿಲ್ಲ. ಅವರು ತಮ್ಮ ಹುಡುಗಿಯರ ಪರವಾಗಿ ಕಣ್ಣು ತೆರೆದುಕೊಂಡಿದ್ದರು, ನಾನು ನನ್ನ ಹುಡುಗಿಯ ಪಾಲಿಗೆ ಕಣ್ಣು ಮುಚ್ಚಿಕೊಂಡಿದ್ದೆ. ಮೇಜಿನ ಹಿಂದೆ ಕೂತವರು ಮತ್ತೆ ಎಣಿಸಿದರು. ಹುಟ್ಟಿದ ದಿನವೇ ತಪ್ಪಾಗಿದೆ ಎಂದು ನಾನು ಹೇಳಿ ನೋಡಿದೆ. ಇನ್ನೂ ಒಂದು ಆಟವನ್ನೂ ಆಡಿರಲಿಲ್ಲವಾದ್ದರಿಂದ ತಂಡವನ್ನು ಉಳಿಸಿ, ಅವಳೊಬ್ಬಳ ಹೆಸರಿಗೆ ಗೆರೆ ಹೊಡೆದರು.

"ಹುಟ್ಟಿದ ದಿನ ತಪ್ಪೈತಿ ಅಂತೀರಿ. ಯಾರು ಬರದಿದ್ರು ಇದನ್ನ?" ಎಂದು ಅವರು ನನ್ನನ್ನು ಕೇಳಿದರು.

ಹುಡುಗಿಯರೆಲ್ಲ ನನ್ನ ಬೆನ್ನ ಹಿಂದೆಯೇ ನಿಂತಿದ್ದರು. "ಹಳೇ ದಾಖಲೆ ಐತ್ರಿ" ಎಂದೆ.

ನಾಯಕಿ ಆ ಗೆರೆಯನ್ನು ನೋಡಿದಳು. ಅಳುತ್ತಾಳೆ ಎಂದುಕೊಂಡೆ, ಅಳಲಿಲ್ಲ. ಮೇಜಿನಿಂದ ನಾಲ್ಕು ಹೆಜ್ಜೆ ಆಚೆ ಹೋಗಿ ಹುಡುಗಿಯರನ್ನು ಸುತ್ತ ಕೂರಿಸಿಕೊಂಡು, ಕನ್ನಡಕದ ಹುಡುಗಿಗೆ, "ಟಾಸಿಗೆ ನೀ ಹೋಗು" ಎಂದಳು.

"ನಾ ಒಲ್ಲೆ. ನನ್ನ ಕಾಲು ನಡಗಾಕತ್ತಾವ."

"ನಡಗಿದ್ರ ನಡಗಲಿ, ಹೋಗು. ನೀನಽ ನಡಕ ಕುಂತಾಕಿ, ನಿನಗ ಎರಡೂ ಕಡೀದು ಕಾಣತೈತಿ. ನಾ ಇದ್ರೂ ನಿನ್ನ ಕೇಳಽ ಆಡತಿದ್ದೆ."

ಹೆಸರಿಗೆ ಗೆರೆ ಬಿದ್ದವರು ಹಗ್ಗದ ಒಳಗೆ ಬರುವಂತಿಲ್ಲ. ಅವಳು ಹೊರಗೆ ನೆಲದ ಮೇಲೆ ಕೂತಳು. ಮೂರು ಆಟ ನಡೆದವು. ಒಂದು ಸಲವೂ ಕೂಗಲಿಲ್ಲ, ಕೈ ಮಾಡಿ ತೋರಿಸಲಿಲ್ಲ. ಒಳಗಿನ ಹುಡುಗಿಯರೂ ಅವಳ ಕಡೆ ತಿರುಗಿ ನೋಡಲಿಲ್ಲ. ನೋಡಬೇಕಾದ ಅಗತ್ಯವೇ ಇಲ್ಲದಂತೆ ಅವರನ್ನು ಮಾಡಿಟ್ಟಿದ್ದಳು. ಒಬ್ಬಳು ಎಡವಿದರೆ ಮಗ್ಗುಲಿನವಳು ಎದ್ದಿರುತ್ತಿದ್ದಳು. ಮೂರನ್ನೂ ಗೆದ್ದು ಕಲಬುರಗಿಯ ವಿಭಾಗ ಮಟ್ಟಕ್ಕೆ ಆಯ್ಕೆಯಾದರು. ಸೋತಿದ್ದರೆ, ನಾಯಕಿ ಇಲ್ಲದೆ ಸೋತೆವು ಎಂದು ಅವಳಿಗೆ ಹೇಳಲು ಒಂದು ಮಾತಾದರೂ ಇರುತ್ತಿತ್ತು.

ಕ್ರೀಡಾ ಹಾಸ್ಟೆಲಿನಿಂದ ಬಂದಿದ್ದ ಮೇಡಂ ನಮ್ಮ ತಂಡದ ಇಬ್ಬರ ಹೆಸರು ಬರೆದುಕೊಂಡರು. ನನ್ನ ಹತ್ತಿರ ಬಂದು, "ಇಷ್ಟು ಹೊಂದಿಕೊಂಡು ಆಡೋ ತಂಡ ನೋಡಿ ಬಾಳ ದಿನ ಆಗಿತ್ತು. ಯಾರು ಕಲಿಸಿದ್ರು?" ಎಂದರು. ನಾನು ಹಗ್ಗದ ಹೊರಗೆ ಕೂತವಳನ್ನು ತೋರಿಸಿದೆ. ಅವರು ಪಟ್ಟಿ ನೋಡಿದರು, ಗೆರೆ ನೋಡಿದರು. "ಪಾಪ" ಎಂದರು. "ಹದಿನೆಂಟಾದ್ರ ನಾವು ತಗೊಳ್ಳಾಂಗಿಲ್ಲ ಸರ್." ನಾನು ಏನೇನೋ ಹೇಳಿದೆ. ಅವರು ಕೇಳಿಸಿಕೊಂಡರು, ಒಳ್ಳೆಯವರು. ಆದರೆ ಅವರ ಕೈಯಲ್ಲಿದ್ದದ್ದು ಪಟ್ಟಿ, ನನ್ನ ಬಾಯಲ್ಲಿದ್ದದ್ದು ಬರೀ ಮಾತು.

ವಾಪಸ್ ಬರುವಾಗ ಶಹಾಪುರದ ನಿಲ್ದಾಣದಲ್ಲಿ ಬಸ್ಸು ಕಾಲು ಗಂಟೆ ನಿಂತಿತು. ಇನ್ನೂ ಬಿಸಿಲಿತ್ತು. ಹುಡುಗಿಯರು ಮಿರ್ಚಿಭಜಿ ತಿನ್ನಲು ಇಳಿದರು, ಅವಳು ಇಳಿಯಲಿಲ್ಲ. ನನ್ನ ಮುಂದಿನ ಸೀಟಿಗೆ ಬಂದು ಕೂತು ಕೇಳಿದಳು.

"ಸರ, ಅಕ್ಕನ ವಯಸ್ಸು ನನಗ ಹೆಂಗ ಬಂತ್ರಿ?"

"ಅಕ್ಕಂದು ಅಂತ ನಿನಗ ಹೆಂಗ ಗೊತ್ತು?"

"ಅಕ್ಕಗ ಈಗ ಹದಿನೆಂಟಲ್ರೀ."

ಇನ್ನು ಮುಚ್ಚಿಡುವುದು ಆಗಲಿಲ್ಲ. ನಾನೇ ಬರೆದದ್ದು ಎಂದೆ. ಒಂದೇ ಸಾಲಿನಲ್ಲಿ ಇಬ್ಬರನ್ನು ಬರೆದೆ, ಹತ್ತು ದಿನದಿಂದ ಗೊತ್ತಿತ್ತು, ಹೇಳಲಿಲ್ಲ, ಎಲ್ಲವನ್ನೂ ಹೇಳಿದೆ. ಅವಳು ಕಿಟಕಿಯ ಸರಳು ಹಿಡಿದು ಹೊರಗೆ ಭಜಿ ತಿನ್ನುತ್ತಿದ್ದ ಹುಡುಗಿಯರನ್ನು ನೋಡುತ್ತ ಕೂತಿದ್ದಳು. ಬೈದುಬಿಡಲಿ ಎಂದು ಕಾದೆ.

"ಹುಡುಗ್ಯಾರಿಗೆ ಹೇಳಬ್ಯಾಡ್ರಿ" ಎಂದಳು ಕೊನೆಗೆ. "ಮುಂದಿನ ವಾರ ಕಲಬುರಗಿಗೆ ಅವ್ರನ್ನ ನೀವಽ ಕರಕೊಂಡು ಹೋಗಬೇಕು. ಬ್ಯಾರೆ ಯಾರದಾರ? ನಿಮ್ಮ ಮ್ಯಾಲ ಸಿಟ್ಟಾದ್ರ ಅವು ಆಡಾಂಗಿಲ್ಲ."

ಸಿಟ್ಟು ನಿನಗಿಲ್ಲವೇ ಎಂದು ಕೇಳುವ ಧೈರ್ಯ ನನಗಾಗಲಿಲ್ಲ. ಹುಡುಗಿಯರು ಗದ್ದಲ ಮಾಡುತ್ತ ಹತ್ತಿದರು, ಅವಳು ಎದ್ದು ಹಿಂದಕ್ಕೆ ಹೋದಳು.

ಕಲಬುರಗಿಗೆ ಹೊರಟ ದಿನ ಬೆಳಿಗ್ಗೆ ನಾವು ಹನ್ನೆರಡು ಜನ ಊರಿನ ರಸ್ತೆಗೆ ಬಂದು ಬಸ್ಸಿಗೆ ನಿಂತಿದ್ದೆವು, ಹನ್ನೊಂದು ಹುಡುಗಿಯರು ಮತ್ತು ನಾನು. ಅದೇ ಕೂಡುರಸ್ತೆಯಲ್ಲಿ ಹೆಣ್ಣಾಳುಗಳ ಗುಂಪೂ ಹೊಲಕ್ಕೆ ಹೋಗುವ ಟಂಟಂ ಗಾಡಿ ಕಾಯುತ್ತಿತ್ತು. ನಾಯಕಿಯೂ ತಾಯಿಯ ಜೊತೆ ಬಂದಿದ್ದಳು, ಶಾಲೆಗೆ ರಜೆ ಹಾಕಿ, ಬುತ್ತಿಗಂಟು ಹಿಡಿದು. ಹುಡುಗಿಯರು ಹೋಗಿ ಅವಳನ್ನು ಸುತ್ತುವರಿದರು. ಕನ್ನಡಕದ ಹುಡುಗಿ ಅವಳ ಕೈ ಹಿಡಿದು, "ಏನ್ ಬೇ, ನಿನ್ನ ವಯಸ್ಸು ತಪ್ಪು ಬರಿಸಿದಾರು ಯಾರು? ಅವರನ್ನ ನಾವು ಸುಮ್ನ ಬಿಡಾಂಗಿಲ್ಲ" ಎಂದಳು.

"ನಮ್ಮವ್ವಽ ತಪ್ಪು ಹೇಳ್ಯಾಳ. ಆಕಿಗೆ ಎಲ್ಲಿ ನೆಪ್ಪಿರತೈತಿ?" ಎಂದಳು ನಾಯಕಿ.

ಹುಡುಗಿಯರೆಲ್ಲ ತಾಯಿಯ ಕಡೆ ತಿರುಗಿದರು. ಬರೋಬ್ಬರಿ ಬರಕೋರಿ ಎಂದು ನನಗೆ ಹೇಳಿ ಹೋಗಿದ್ದ ಹೆಂಗಸು ಅವಳು. ನನ್ನನ್ನು ಒಮ್ಮೆ ನೋಡಿದಳು. ಮಗಳು ಮನೆಯಲ್ಲಿ ಎಲ್ಲ ಹೇಳಿದ್ದಾಳೆ ಎಂಬುದು ಆ ನೋಟದಲ್ಲೇ ತಿಳಿಯಿತು. ಸೆರಗು ಸರಿ ಮಾಡಿಕೊಂಡು, "ಹೌದವಾ, ನಾನಽ ತಪ್ಪು ಹೇಳೀನಿ. ಓದು ಬರಹ ಇಲ್ಲದಾಕಿ ನಾ" ಎಂದಳು.

ಹುಡುಗಿಯರು ಅವಳನ್ನು ಬೈಯಲೂ ಆಗದೆ ಸುಮ್ಮನಿರಲೂ ಆಗದೆ ನಿಂತರು. ನಾನಲ್ಲೇ ಮೂರು ಮಾರು ದೂರದಲ್ಲಿದ್ದೆ. ತಪ್ಪು ನನ್ನದು ಎನ್ನಲು ಒಂದು ಉಸಿರು ಸಾಕಾಗಿತ್ತು. ಹೇಳಿದ್ದರೆ ತಂಡ ಒಡೆಯುತ್ತಿತ್ತು ಎಂದು ಆಮೇಲೆ ಬಹಳ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಅದು ಆ ಹುಡುಗಿಯ ಕಾರಣ, ನನ್ನದಲ್ಲ. ನನಗೆ ಇದ್ದದ್ದು ಬರೀ ಅಂಜಿಕೆ.

"ಸರ, ಬಸ್ ಬಂತು, ಹತ್ರಿ" ಎಂದಳು ನಾಯಕಿ. ನಾನು ಹತ್ತಿದೆ.